ಕಾಣದ ಎದುರಾಳಿಯನ್ನು ನಂಬಬೇಕೆ?

ಆನ್‌ಲೈನಿನಲ್ಲಿ ಚದುರಂಗ ಆಡುವವರ ನಡುವೆ ಒಂದು ಮಾತು ಈಗ ತೀರಾ ಸಲೀಸಾಗಿ ಓಡಾಡುತ್ತದೆ. ಯಾರಾದರೂ "ಇವತ್ತು ಸೋತೆ ಮಾರಾಯ" ಎಂದರೆ ಸಾಕು, ಇನ್ನೊಬ್ಬರು "ಅವನು ಇಂಜಿನ್ ಹಾಕಿದ್ದಿರಬೇಕು ಬಿಡು" ಎನ್ನುತ್ತಾರೆ. ಸಮಾಧಾನಕ್ಕೆ ಹೇಳಿದ ಮಾತು, ಅರ್ಧ ತಮಾಷೆ. ಆದರೆ ಅದರೊಳಗೆ ಒಂದು ಆರೋಪವೂ ಇದೆ. ಆ ಆರೋಪ ಹೊತ್ತವನು ಯಾರು, ಯಾವ ಊರಿನವನು, ವಯಸ್ಸೆಷ್ಟು ಎಂಬುದು ಮಾತಾಡಿದ ಇಬ್ಬರಿಗೂ ಗೊತ್ತಿರುವುದಿಲ್ಲ. ಮುಖ ನೋಡದ, ಹೆಸರು ತಿಳಿಯದ ಒಬ್ಬ ಮನುಷ್ಯ ನಮ್ಮನ್ನು ಸೋಲಿಸಿದಾಗ ಅವನನ್ನು ನಂಬುವ ಹೊಣೆ ನಮ್ಮ ಮೇಲಿದೆಯೆ? ಅಥವಾ ಆ ನಂಬಿಕೆಯನ್ನು ಅವನೇ ಸಂಪಾದಿಸಿಕೊಳ್ಳಬೇಕೆ? ನನಗೆ ಇದು ಬರೀ ಆಟದ ಪ್ರಶ್ನೆಯಾಗಿ ಕಾಣುವುದಿಲ್ಲ.

ಊರು ಬಿಟ್ಟು ಬಂದವರಿಗೆ ಚದುರಂಗ ಚೆನ್ನಾಗಿ ಒಗ್ಗುತ್ತದೆ. ಕ್ರಿಕೆಟ್ಟಿಗೆ ಮೈದಾನ ಬೇಕು, ಇಸ್ಪೀಟಿಗೆ ಕೂರಲು ನಾಲ್ಕು ಜನ ಬೇಕು. ಇದಕ್ಕೆ ಒಂದು ಫೋನು ಸಾಕು. ಪುಣೆಯ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸು ನಿಂತಲ್ಲೇ ನಿಂತಾಗ ಒಂದು ಆಟ ಮುಗಿಯುತ್ತದೆ, ಕೆಲವು ದಿನ ಎರಡೂ ಮುಗಿಯುತ್ತವೆ. ನಮ್ಮದೊಂದು ಸಣ್ಣ ಗುಂಪೂ ಇದೆ: ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮಗಳಲ್ಲಿ ಚದುರಿಹೋದ ಇಪ್ಪತ್ತೈದು ಮೂವತ್ತು ಕನ್ನಡಿಗರು. ಭಾನುವಾರ ರಾತ್ರಿ ಊಟ ಮುಗಿಸಿ ಲಿಚೆಸ್‌ನಲ್ಲಿ ಸೇರುತ್ತೇವೆ. ಥಿಬೋ ಡ್ಯುಪ್ಲೆಸಿ ಎಂಬ ಫ್ರೆಂಚ್ ಪ್ರೋಗ್ರಾಮರ್ 2010ರಲ್ಲಿ ಶುರುಮಾಡಿದ ತಾಣ ಅದು. ಜಾಹೀರಾತಿಲ್ಲ, ಶುಲ್ಕವಿಲ್ಲ, ಜನರ ದೇಣಿಗೆಯಿಂದ ನಡೆಯುತ್ತದೆ. ಯಾರು ಬೇಕಾದರೂ ತಂಡ ಕಟ್ಟಿಕೊಂಡು ಪಂದ್ಯಾವಳಿ ನಡೆಸಬಹುದು. ಆಟಕ್ಕಿಂತ ಆಟದ ನಂತರದ ಹರಟೆಯೇ ಹೆಚ್ಚು ಹೊತ್ತು ನಡೆಯುತ್ತದೆ. ಕುದುರೆ ಕಳಕೊಂಡದ್ದು, ಆನೆಯನ್ನು ಮೂಲೆಯಲ್ಲೇ ಮರೆತದ್ದು, ನಡುವೆ ಊರಿನ ಮಳೆಯ ಸುದ್ದಿ. ನಮ್ಮಲ್ಲಿ ಕೆಲವರು ವಾರದಲ್ಲಿ ಮನೆಯವರನ್ನು ಬಿಟ್ಟು ಬೇರೆಯವರ ಜೊತೆ ಕನ್ನಡ ಮಾತಾಡುವುದು ಆ ಎರಡು ಗಂಟೆ ಮಾತ್ರ.

ಅನುಮಾನಕ್ಕೆ ಕಾರಣವೇ ಇಲ್ಲ ಎಂದು ಯಾರೂ ಹೇಳಲಾರರು. 1997ರ ಮೇ ತಿಂಗಳಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ರನ್ನು ಆರು ಆಟಗಳ ಪಂದ್ಯದಲ್ಲಿ 3.5-2.5ರಿಂದ ಸೋಲಿಸಿತು. ಅಂದು ಅದಕ್ಕೆ ಬೀರುಗಳಷ್ಟು ದೊಡ್ಡ ಕಂಪ್ಯೂಟರ್ ಬೇಕಾಗಿತ್ತು. ಇಂದು ಜೇಬಿನ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಸ್ಟಾಕ್‌ಫಿಶ್ ಜಗತ್ತಿನ ಯಾವ ಆಟಗಾರನಿಗೂ ಸೋಲದಷ್ಟು ಬಲವಾಗಿದೆ. ಒಂದು ಕಿಟಕಿಯಲ್ಲಿ ಆಟ, ಇನ್ನೊಂದರಲ್ಲಿ ಇಂಜಿನ್. ನೋಡುವವರು ಯಾರೂ ಇಲ್ಲ. ಮೋಸ ಇಷ್ಟು ಸುಲಭವಾದ ಆಟ ಇನ್ನೊಂದಿರಲಿಕ್ಕಿಲ್ಲ.

ಮೋಸ ನಡೆಯುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2021ರ ಜೂನ್ 13ರಂದು ವಿಶ್ವನಾಥನ್ ಆನಂದ್ ಕೋವಿಡ್ ನೆರವಿಗೆ ಹಣ ಕೂಡಿಸಲೆಂದು ಹಲವು ಗಣ್ಯರೊಂದಿಗೆ ಒಂದೇ ಹೊತ್ತಿನಲ್ಲಿ ಆನ್‌ಲೈನ್ ಆಟ ಆಡಿದರು. ಬೆಂಗಳೂರಿನ ಯುವ ಉದ್ಯಮಿಯೊಬ್ಬರು ಐದು ಬಾರಿಯ ವಿಶ್ವ ಚಾಂಪಿಯನ್ನರನ್ನು ಸೋಲಿಸಿಬಿಟ್ಟರು. ಮರುದಿನ ಅವರೇ, ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆ ಎಂದು ಹೇಳಿದರು. ಇಲ್ಲಿ ಯಾರಿಗೆ ಏನು ನಷ್ಟವಾಯಿತು ಎಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ. ಬಹುಮಾನವಿರಲಿಲ್ಲ. ಆನಂದರ ಹೆಸರಿಗೆ ಅದರಿಂದ ಕುಂದೂ ಬರಲಿಲ್ಲ. ಆದರೂ ಏನೋ ಕೆಟ್ಟಿತು ಎಂದು ಎಲ್ಲರಿಗೂ ಅನಿಸಿತು. ಆನಂದ್ ಹೇಳಿದ್ದು ಇಷ್ಟೇ: ತಾನು ಹಲಗೆಯ ಮೇಲಿದ್ದ ಸ್ಥಿತಿಗೆ ತಕ್ಕಂತೆ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ. ಆ 'ನಿರೀಕ್ಷಿಸಿದ್ದೆ' ಎಂಬ ಮಾತಿನಲ್ಲೇ ಕೆಟ್ಟದ್ದೇನು ಎಂಬುದಿದೆ. ಎರಡು ತಲೆಗಳ ನಡುವೆ ನಡೆಯುತ್ತಿದೆ ಎಂದುಕೊಂಡ ಮಾತುಕತೆಯಲ್ಲಿ ಒಂದು ಕಡೆ ಯಾರೂ ಇರಲಿಲ್ಲ.

ಹಳೆಯ ಪಗಡೆಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಪಗಡೆಯಲ್ಲಿ ಅನುಮಾನ ಬಂದರೆ ಮೊದಲು ದಾಳದ ಮೇಲೆ ಬರುತ್ತದೆ. ದಾಳ ತೂಗಿ ನೋಡಬಹುದು, ಬದಲಿಸಬಹುದು, ಬೇರೆಯವರ ಕೈಯಲ್ಲಿ ಎಸೆಯಿಸಬಹುದು. ಚದುರಂಗದಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. 64 ಮನೆ, 32 ಕಾಯಿ, ಎಲ್ಲವೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಕಾಣದೆ ಇರುವುದು ಎದುರಾಳಿಯ ಮನಸ್ಸು ಮಾತ್ರ. ಹಾಗಾಗಿ ಇಲ್ಲಿ ಅನುಮಾನಪಡಲು ವಸ್ತುವೊಂದು ಸಿಗುವುದಿಲ್ಲ, ಅದು ನೇರವಾಗಿ ಮನುಷ್ಯನ ಮೇಲೆಯೇ ಹೋಗಿ ಕೂರುತ್ತದೆ. "ನಿನ್ನ ದಾಳ ಸರಿಯಿಲ್ಲ" ಎನ್ನುವುದಕ್ಕೂ "ನೀನು ಸರಿಯಿಲ್ಲ" ಎನ್ನುವುದಕ್ಕೂ ಅಂತರವಿದೆ.

ನಮ್ಮ ಗುಂಪಿನಲ್ಲಿ ಹೀಗೊಂದು ಘಟನೆ ನಡೆಯಿತು. ಹೈದರಾಬಾದಿನ ಸದಸ್ಯರೊಬ್ಬರು ತಮ್ಮ ಅಕ್ಕನ ಮಗನನ್ನು ಸೇರಿಸಿದರು. ಶಿರಸಿ ಕಡೆಯ ಹುಡುಗ, ಎರಡನೇ ಪಿಯುಸಿ. ಮೊದಲ ವಾರ ನಾಲ್ಕನೆಯವನಾದ, ಎರಡನೇ ವಾರ ಎಲ್ಲರನ್ನೂ ಸೋಲಿಸಿದ. ಮೂರನೇ ವಾರ, ಗುಂಪಿನ ಬಲಿಷ್ಠ ಆಟಗಾರರೊಬ್ಬರು ಅವನೊಂದಿಗೆ ಸೋತು, ಆಟದ ವಿಶ್ಲೇಷಣೆಯ ಸ್ಕ್ರೀನ್‌ಶಾಟ್ ಹಾಕಿದರು. ಹುಡುಗನ ನಡೆಗಳ ನಿಖರತೆ 96 ಶೇಕಡ. ಕೆಳಗೆ ಒಂದೇ ಸಾಲು: "ಮುಂದಿನ ವಾರ ಕ್ಯಾಮೆರಾ ಹಾಕಿ ಆಡಲಿ." ಅವರು ಕೆಟ್ಟವರಲ್ಲ. ಹಿಂದೆ ಎರಡು ಸಲ ಅಪರಿಚಿತರ ಕೈಯಲ್ಲಿ ನಿಜಕ್ಕೂ ಮೋಸ ಹೋಗಿದ್ದರು. ಸಿಕ್ಕಿಬಿದ್ದವರ ಖಾತೆಗೆ ಗುರುತು ಬಿದ್ದು, ಇವರು ಕಳೆದುಕೊಂಡ ರೇಟಿಂಗ್ ಅಂಕಗಳು ವಾಪಸ್ಸು ಬಂದಿದ್ದವು.

ಹುಡುಗ ಒಪ್ಪಿದ. ಗೂಗಲ್ ಮೀಟ್ ಹಾಕಿ, ಗುಂಪಿನ ಹಲವರು ನೋಡುತ್ತಿರುವಾಗ, ಅದೇ ವ್ಯಕ್ತಿಯೊಂದಿಗೆ ಎರಡು ಆಟ ಆಡಿದ. ಒಂದು ಸೋತ, ಒಂದು ಗೆದ್ದ. ಸೋತಾಗ "ನೋಡಿ, ಕ್ಯಾಮೆರಾ ಇದ್ದರೆ ಹೀಗೆ" ಎಂಬ ಮಾತು ಬಂತು. ಗೆದ್ದಾಗ "ಫೋನಿನ ಆಚೆ ಯಾರಾದರೂ ಕೂತಿದ್ದರೆ ನಮಗೇನು ಗೊತ್ತಾಗುತ್ತದೆ" ಎಂದು ಇನ್ನೊಬ್ಬರು ಬರೆದರು. ಮರುವಾರ ಅವನು ಬರಲಿಲ್ಲ. "ಪರೀಕ್ಷೆ ಇದೆ ಮಾವ" ಎಂದನಂತೆ. ಆಮೇಲೆ ಪರೀಕ್ಷೆ ಮುಗಿದರೂ ಬರಲಿಲ್ಲ. ಸ್ವಲ್ಪ ದಿನಕ್ಕೆ ಅವನ ಮಾವನೂ ಹರಟೆಯಲ್ಲಿ ಮಾತು ಕಡಿಮೆ ಮಾಡಿದರು. ಕ್ಯಾಮೆರಾ ಬೇಡ ಎಂದು ನಾನು ಹೇಳಿದ್ದೆ. ಯಾಕೆ ಬೇಡ ಎಂದು ಕೇಳಿದವರಿಗೆ "ಚೆನ್ನಾಗಿ ಕಾಣಲ್ಲ" ಎನ್ನುವುದಕ್ಕಿಂತ ಹೆಚ್ಚು ವಿವರಿಸುವ ಹೊತ್ತು ಅದಾಗಿರಲಿಲ್ಲ. ಆ ವಿವರಣೆಯನ್ನು ಈಗ ಕೊಡಲು ನೋಡುತ್ತೇನೆ.

ಮೊದಲು ಲೆಕ್ಕ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ಪಾದ್ ಎಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಂದಿನ ತಾಣಗಳ ರೇಟಿಂಗುಗಳೆಲ್ಲ ಆ ಬಳಗಕ್ಕೇ ಸೇರಿದವು. ಈ ಪದ್ಧತಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರೆ ನಿಮಗೆ ಸಮಬಲದವರೇ ಜೊತೆಯಾಗುತ್ತಾರೆ. ಸಮಬಲದವರೊಂದಿಗೆ ಆಡಿದರೆ ಎಷ್ಟು ಗೆಲ್ಲುತ್ತೀರೋ ಹೆಚ್ಚುಕಡಿಮೆ ಅಷ್ಟೇ ಸೋಲುತ್ತೀರಿ. ಮೇಲೇರಿದರೂ ಅಷ್ಟೇ, ಇನ್ನೂ ಬಲವಾದವರು ಸಿಗುತ್ತಾರೆ. ಸೋಲು ಇಲ್ಲಿ ಅಪಘಾತವಲ್ಲ, ವ್ಯವಸ್ಥೆ ಆರೋಗ್ಯವಾಗಿದೆ ಎಂಬುದರ ಲಕ್ಷಣ. ಸೋತಾಗಲೆಲ್ಲ ಮೋಸ ಕಾಣುವವನು ತನ್ನ ಅರ್ಧ ಆಟಗಳನ್ನೇ ನಂಬದೆ ಇರಬೇಕಾಗುತ್ತದೆ.

ಇನ್ನೊಂದು ಲೆಕ್ಕ, ಇದು ಸಮೀಕ್ಷೆಯದ್ದಲ್ಲ, ಊಹೆಯದ್ದು. ಸಾವಿರ ಆಟಗಾರರಲ್ಲಿ ಹತ್ತು ಜನ ಮೋಸಗಾರರು ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುವ, ನೂರು ಪ್ರಾಮಾಣಿಕರಲ್ಲಿ ಇಬ್ಬರನ್ನು ಮಾತ್ರ ತಪ್ಪಾಗಿ ತೋರಿಸುವ ಒಳ್ಳೆಯ ಪರೀಕ್ಷೆ ನಮ್ಮಲ್ಲಿದೆ ಎನ್ನಿ. ಅದು ಒಂಬತ್ತು ಮೋಸಗಾರರನ್ನು ಹಿಡಿಯುತ್ತದೆ, ಜೊತೆಗೆ ಉಳಿದ 990 ಜನರಲ್ಲಿ ಸುಮಾರು ಇಪ್ಪತ್ತು ನಿರಪರಾಧಿಗಳನ್ನೂ ತೋರಿಸುತ್ತದೆ. ಬೆರಳು ಮಾಡಿಸಿಕೊಂಡ ಮೂವರಲ್ಲಿ ಇಬ್ಬರು ಏನೂ ಮಾಡದವರು! ನಮ್ಮ ಕಣ್ಣಂತೂ ಅಷ್ಟು ಒಳ್ಳೆಯ ಪರೀಕ್ಷೆಯಲ್ಲ, ಸೋತ ಹತ್ತು ನಿಮಿಷದಲ್ಲಿ ಇನ್ನೂ ಅಲ್ಲ. 96 ಶೇಕಡ ನಿಖರತೆಯೂ ದೊಡ್ಡ ಸಾಕ್ಷಿಯಲ್ಲ. ಆಟದ ಮೊದಲ ಹತ್ತು ನಡೆಗಳನ್ನು ಅನೇಕರು ಬಾಯಿಪಾಠ ಮಾಡಿರುತ್ತಾರೆ. ಎದುರಾಳಿ ಹನ್ನೆರಡನೇ ನಡೆಯಲ್ಲಿ ಮಂತ್ರಿಯನ್ನು ಕಳಕೊಂಡರೆ ಆಮೇಲೆ ಸರಿಯಾದ ನಡೆ ಹುಡುಕಲು ಯಾರಿಗೂ ಕಷ್ಟವಿಲ್ಲ.

ಆದರೆ ಲೆಕ್ಕದಿಂದ ವಿಷಯ ಪೂರ್ತಿ ತೀರುವುದಿಲ್ಲ. ಬಲವಾದ ವಾದ ಇನ್ನೊಂದು ಕಡೆಯಿಂದ ಬರುತ್ತದೆ, ಅದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಆಫೀಸಿನಲ್ಲಿ ನಾವು ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಕೋಡ್ ರಿವ್ಯೂ ಇದೆ, ಟೆಸ್ಟಿಂಗ್ ಇದೆ, ಆಡಿಟ್ ಇದೆ. ಇಪ್ಪತ್ತು ವರ್ಷ ಅನುಭವವಿರುವವರ ಕೋಡನ್ನೂ ಇನ್ನೊಬ್ಬರು ನೋಡದೆ ಪ್ರೊಡಕ್ಷನ್‌ಗೆ ಬಿಡುವುದಿಲ್ಲ. ಯಾರೂ ಇದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ಹುಡುಗನೊಬ್ಬನಿಗೆ ಕ್ಯಾಮೆರಾ ಹಾಕು ಎಂದರೆ ತಪ್ಪೇನು? ಪ್ರಾಮಾಣಿಕನಾದವನಿಗೆ ಭಯವೇಕೆ?

ಇಲ್ಲಿ ಒಂದು ಗೆರೆ ಎಳೆಯಬೇಕು. ಕೋಡ್ ರಿವ್ಯೂ ಎಲ್ಲರಿಗೂ ಇದೆ, ಮೊದಲೇ ಇದೆ. ಬಹುಮಾನದ ಹಣವಿರುವ ದೊಡ್ಡ ಆನ್‌ಲೈನ್ ಪಂದ್ಯಗಳಲ್ಲಿ ಕ್ಯಾಮೆರಾ ಇಡಬೇಕು, ತಮ್ಮ ಪರದೆಯನ್ನು ತೀರ್ಪುಗಾರರಿಗೆ ತೋರಿಸುತ್ತಿರಬೇಕು ಎಂಬ ನಿಯಮವಿರುತ್ತದೆ. ಅದೂ ಎಲ್ಲರಿಗೂ, ಮೊದಲೇ. ಅದು ನಿಯಮ. ಒಬ್ಬನಿಗೆ ಮಾತ್ರ, ಅದೂ ಗೆದ್ದ ಮೇಲೆ ಕೇಳಿದರೆ ಅದು ಆರೋಪ. ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಗೆರೆ ಬೇಗ ಅರ್ಥವಾಗುತ್ತದೆ. ಕರಾರಿನ ಜೊತೆ ಪೊಲೀಸ್ ವೆರಿಫಿಕೇಷನ್ ಫಾರಂ ತುಂಬುವಾಗ ನಮಗೆ ಬೇಸರವಾಗುವುದಿಲ್ಲ, ಕಟ್ಟಡದ ಬಾಡಿಗೆದಾರರೆಲ್ಲ ತುಂಬಿರುತ್ತಾರೆ. ಆದರೆ ಕಟ್ಟಡದಲ್ಲಿ ಏನೋ ಕಳುವಾದ ದಿನ ಹೊರಗಿನಿಂದ ಬಂದವರ ಬಾಗಿಲನ್ನು ಮಾತ್ರ ತಟ್ಟಿದರೆ? ಕೇಳುವ ದಾಖಲೆ ಅದೇ ಇರಬಹುದು. ಅದನ್ನು ತೋರಿಸಿದ ಮೇಲೆ ಆ ಲಿಫ್ಟಿನಲ್ಲಿ ಮತ್ತೆ ಅದೇ ಮುಖ ಹೊತ್ತು ನಿಲ್ಲುವುದು ಕಷ್ಟ. "ಪ್ರಾಮಾಣಿಕನಿಗೆ ಭಯವೇಕೆ" ಎನ್ನುವವರು ಆ ಲಿಫ್ಟಿನಲ್ಲಿ ನಿಂತವರಲ್ಲ.

ಆರೋಪಕ್ಕೆ ಇನ್ನೊಂದು ಗುಣವಿದೆ, ಅದು ಸಾಕ್ಷಿಯಿಂದ ತಣಿಯುವುದಿಲ್ಲ. ಹುಡುಗ ಸೋತರೂ ಗೆದ್ದರೂ ಅನುಮಾನಕ್ಕೆ ಒಂದೊಂದು ಕಾರಣ ಸಿಕ್ಕಿತು. ಈ ವಿಷಯದಲ್ಲಿ ದೊಡ್ಡವರೂ ಚಿಕ್ಕವರೂ ಒಂದೇ. 1997ರ ಪಂದ್ಯದ ಎರಡನೇ ಆಟ ಸೋತ ಕಾಸ್ಪರೋವ್, ಯಂತ್ರದ ಹಿಂದೆ ಮನುಷ್ಯರ ಕೈವಾಡವಿರಬಹುದು ಎಂದು ಶಂಕಿಸಿದ್ದರು. ಐಬಿಎಂ ಅದನ್ನು ಅಲ್ಲಗಳೆಯಿತು. ಯಂತ್ರ ಅಷ್ಟು ಚೆನ್ನಾಗಿ ಆಡಲಾರದು, ಮನುಷ್ಯ ಸಹಾಯ ಮಾಡಿರಬೇಕು ಎಂಬುದು ಅಂದಿನ ಅನುಮಾನ. ಮನುಷ್ಯ ಇಷ್ಟು ಚೆನ್ನಾಗಿ ಆಡಲಾರ, ಯಂತ್ರ ಸಹಾಯ ಮಾಡಿರಬೇಕು ಎಂಬುದು ಇಂದಿನದ್ದು. ಅನುಮಾನದ ದಿಕ್ಕು ತಿರುವುಮುರುವಾಗಿದೆ, ಅದು ಹುಟ್ಟುವ ಜಾಗ ಮಾತ್ರ ಅದೇ: ಸೋತವನ ಎದೆ.

ಹಾಗಾದರೆ ನಂಬಿಕೆ ಎಂದರೇನು? ಸಾಮಾನ್ಯವಾಗಿ ನಾವು ಅದನ್ನು ಪರೀಕ್ಷೆಯ ಫಲಿತಾಂಶದಂತೆ ನೋಡುತ್ತೇವೆ. ಸಾಕ್ಷಿ ಸೇರಿಸಿ, ತೂಗಿ, ಕೊನೆಗೆ ನಂಬುವುದೋ ಬಿಡುವುದೋ ತೀರ್ಮಾನಿಸುವುದು. ಚದುರಂಗದ ಪದ್ಧತಿ ಬೇರೆ. ಎದುರುಬದುರು ಕೂತು ಆಡುವವರು ಆಟಕ್ಕೆ ಮೊದಲೇ ಕೈಕುಲುಕುತ್ತಾರೆ. ಎದುರಿಗಿರುವವರ ಬಗ್ಗೆ ಇನ್ನೂ ಏನೂ ಗೊತ್ತಿಲ್ಲದ ಹೊತ್ತಿನಲ್ಲಿ ಕೈ ಚಾಚುತ್ತಾರೆ. ಆ ಕೈಕುಲುಕು "ನೀನು ಒಳ್ಳೆಯವನು ಎಂದು ನನಗೆ ತಿಳಿದಿದೆ" ಎಂದು ಹೇಳುವುದಿಲ್ಲ. "ನಿನ್ನೊಂದಿಗೆ ಆಡುತ್ತೇನೆ" ಎಂದಷ್ಟೇ ಹೇಳುತ್ತದೆ. ಕಾಯಿಗಳನ್ನು ಜೋಡಿಸುವಂತೆ ನಂಬಿಕೆಯೂ ಆಟಕ್ಕೆ ಮೊದಲು ಮಾಡಬೇಕಾದ ಕೆಲಸ. ಅದಿಲ್ಲದಿದ್ದರೆ ನಡೆಯುವುದು ಆಟವಲ್ಲ, ವಿಚಾರಣೆ.

ಅದನ್ನು ಹಿಂತೆಗೆದುಕೊಂಡರೆ ನಷ್ಟ ನಮಗೇ. ಅನುಮಾನಿಸುವವನ ಲೆಕ್ಕಪುಸ್ತಕ ನೋಡಿ: ಗೆದ್ದದ್ದೆಲ್ಲ ತನ್ನ ಜಾಣತನ, ಸೋತದ್ದೆಲ್ಲ ಅವರ ಮೋಸ. ಇಂಥವನಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಸೋತ ಆಟವನ್ನು ಮತ್ತೆ ತೆರೆದು, ಹದಿನೆಂಟನೇ ನಡೆಯಲ್ಲಿ ಒಂಟೆಯನ್ನು ಯಾಕೆ ಅಲ್ಲಿಟ್ಟೆ ಎಂದು ಕೇಳಿಕೊಳ್ಳಬೇಕಾದರೆ, ಆ ಸೋಲು ನಿಜ ಎಂದು ಮೊದಲು ಒಪ್ಪಬೇಕು. ಮೋಸ ಎಂದಾದ ಮೇಲೆ ಪುಟ ಮುಚ್ಚಿತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. "ಎಲ್ಲರೂ ಇಂಜಿನ್ ಹಾಕುತ್ತಾರೆ" ಎಂದು ಮನಸ್ಸಿಗೆ ಗಟ್ಟಿಯಾದವನಿಗೆ, "ನಾನೊಬ್ಬನೇ ಯಾಕೆ ದಡ್ಡನಾಗಲಿ" ಎಂಬುದು ಒಂದೇ ಹೆಜ್ಜೆ ದೂರ. ಮೋಸದಿಂದ ಅನುಮಾನ ಹುಟ್ಟುವಂತೆ ಅನುಮಾನದಿಂದ ಮೋಸವೂ ಹುಟ್ಟುತ್ತದೆ.

ಇಷ್ಟು ಹೇಳಿದ ಮೇಲೂ, ನಿಜವಾಗಿ ಶಂಕೆ ಬಂದರೆ ಏನು ಮಾಡುವುದು? ತಾಣಗಳಲ್ಲಿ ದೂರು ಕೊಡುವ ಗುಂಡಿ ಇದೆ. ಒತ್ತಿ, ಸುಮ್ಮನಿರಿ. ಅಲ್ಲಿ ನೋಡುವವರ ಮುಂದೆ ಆ ಆಟಗಾರನ ನೂರಾರು ಆಟಗಳಿರುತ್ತವೆ, ಪ್ರತಿ ನಡೆಗೆ ತೆಗೆದುಕೊಂಡ ಸೆಕೆಂಡುಗಳಿರುತ್ತವೆ. ಸುಲಭದ ನಡೆಗೂ ಕಷ್ಟದ ನಡೆಗೂ ಅಷ್ಟೇ ಹೊತ್ತು ತೆಗೆದುಕೊಳ್ಳುವುದು ಮನುಷ್ಯನ ಲಕ್ಷಣವಲ್ಲ, ಆದರೆ ಅದು ಒಂದು ಆಟದಲ್ಲಿ ಕಾಣುವಂಥದ್ದಲ್ಲ. ಮೋಸ ಖಚಿತವಾದರೆ ನಿಮ್ಮ ಅಂಕ ನಿಮಗೆ ಬರುತ್ತದೆ. ಖಚಿತವಾಗದಿದ್ದರೆ ಯಾರ ಹೆಸರೂ ಹಾಳಾಗುವುದಿಲ್ಲ. ಗುಂಪಿನಲ್ಲಿ ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ಗುಂಡಿಯೂ ಇಲ್ಲ. ವಾಟ್ಸಾಪಿನ 'ಡಿಲೀಟ್ ಫಾರ್ ಎವ್ರಿವನ್' ಆ ಕೆಲಸ ಮಾಡುವುದಿಲ್ಲ.

ನಂಬಿಕೆಯ ಪರೀಕ್ಷೆ ದೊಡ್ಡ ಘಟನೆಗಳಲ್ಲಷ್ಟೇ ಆಗುವುದಿಲ್ಲ. ಲಿಚೆಸ್‌ನಲ್ಲಿ ಆಟದ ನಡುವೆ ಎದುರಾಳಿ ಕಾಣೆಯಾದರೆ, ಸ್ವಲ್ಪ ಹೊತ್ತಿನ ನಂತರ ನಿಮ್ಮೆದುರು ಆಯ್ಕೆಗಳು ಬರುತ್ತವೆ: ಗೆಲುವು ಪಡೆಯಬಹುದು, ಡ್ರಾ ಎನ್ನಬಹುದು, ಇಲ್ಲವೇ ಕಾಯಬಹುದು. ಅವನು ಸೋಲಿಗೆ ಹೆದರಿ ಓಡಿದನೋ, ಕರೆಂಟು ಹೋಯಿತೋ ನಿಮಗೆ ತಿಳಿಯುವುದಿಲ್ಲ. 2020ರ ಆಗಸ್ಟ್ 30ರಂದು ಇಂಥದ್ದೇ ಪ್ರಶ್ನೆ ಇಡೀ ಜಗತ್ತಿನ ಮುಂದೆ ಬಂತು. ಕೋವಿಡ್ ಕಾಲದ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್ಲಿನಲ್ಲಿ ಭಾರತ ಮತ್ತು ರಷ್ಯಾ ಆಡುತ್ತಿದ್ದಾಗ ಇಂಟರ್ನೆಟ್ ಕೈಕೊಟ್ಟು, ಭಾರತದ ಇಬ್ಬರು ಆಟಗಾರರ ಸಮಯ ಮುಗಿದು ಸೋಲು ದಾಖಲಾಯಿತು. ಭಾರತ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಫಿಡೆ ಅಧ್ಯಕ್ಷ ಅರ್ಕಾಡಿ ಡ್ವೋರ್ಕೋವಿಚ್ ಎರಡೂ ದೇಶಗಳಿಗೆ ಚಿನ್ನ ಕೊಟ್ಟರು. ಗೊಣಗಿದವರು ಇದ್ದರು. ನನಗೆ ಮಾತ್ರ ಅದು ನಮ್ಮ ಚಿಕ್ಕ ಗುಂಡಿಯ ದೊಡ್ಡ ರೂಪದಂತೆ ಕಾಣುತ್ತದೆ: ಕಾಣದ ಕಡೆ ಏನಾಯಿತು ಎಂದು ತಿಳಿಯದಾಗ, ಕೆಟ್ಟದ್ದನ್ನು ಊಹಿಸದೆ ಇರುವುದು. ಚೆನ್ನೈನಲ್ಲಿರುವ ನಮ್ಮ ಸಾಗರದ ಗೆಳೆಯರೊಬ್ಬರು ಯಾವಾಗಲೂ 'ಡ್ರಾ' ಒತ್ತುತ್ತಾರೆ. "ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗೋದು ನಾನು ನೋಡಿದೀನಲ್ಲ" ಎನ್ನುತ್ತಾರೆ.

ಹೀಗೆ ನಂಬುತ್ತಾ ಹೋದರೆ ಆಗಾಗ ಮೋಸ ಹೋಗುತ್ತೇವೆ, ನಿಜ. ಆದರೆ ನಂಬಿಕೆಗೆ ತೆರುವ ಬೆಲೆ ಎಷ್ಟು? ಹತ್ತು ನಿಮಿಷ, ಎಂಟೋ ಹತ್ತೋ ಅಂಕ. ಅನುಮಾನದ ಬೆಲೆಯನ್ನು ನಾವು ತೆರುವುದಿಲ್ಲ, ಇನ್ನೊಬ್ಬರಿಂದ ತೆರಿಸುತ್ತೇವೆ. ಬೆಲೆ ಯಾರು ಕೊಡುತ್ತಾರೆ ಎಂಬುದೇ ನನ್ನ ಮಟ್ಟಿಗೆ ಈ ಪ್ರಶ್ನೆಯ ಉತ್ತರ. ಹಣ, ಕೆಲಸ, ಪದಕ ಪಣಕ್ಕಿದ್ದಲ್ಲಿ ಎಲ್ಲರಿಗೂ ಒಂದೇ ನಿಯಮವಿರಲಿ, ಮೊದಲೇ ಇರಲಿ. ಭಾನುವಾರ ರಾತ್ರಿಯ ಆಟದಲ್ಲಿ ಪಣಕ್ಕಿರುವುದು ನಮ್ಮ ಜಂಭ ಮಾತ್ರ. ಅಲ್ಲಿ ಮೋಸ ಹೋಗುವ ಹಕ್ಕನ್ನು ನಾವೇ ಇಟ್ಟುಕೊಳ್ಳಬಹುದು.

ಗುಂಪಿನಲ್ಲಿ ಈಗ ಎರಡು ಮಾತು ಬರೆದು ಮೇಲಕ್ಕೆ ಪಿನ್ ಮಾಡಿದ್ದೇವೆ. ಕ್ಯಾಮೆರಾ ಎಂದರೆ ಎಲ್ಲರಿಗೂ, ಇಲ್ಲವೇ ಯಾರಿಗೂ ಇಲ್ಲ. ಸೋತವರು ಸ್ಕ್ರೀನ್‌ಶಾಟ್ ಹಾಕುವುದಾದರೆ "ನಾನು ಎಲ್ಲಿ ತಪ್ಪಿದೆ" ಎಂದು ಕೇಳಲು ಮಾತ್ರ. ಮೊದಲು ಸ್ಕ್ರೀನ್‌ಶಾಟ್ ಹಾಕಿದವರೇ ಎರಡನೆಯದನ್ನು ಸೂಚಿಸಿದರು. ಶಿರಸಿಯ ಹುಡುಗನ ಖಾತೆ ಇನ್ನೂ ಇದೆ, ಯಾವ ಗುರುತೂ ಬಿದ್ದಿಲ್ಲ. ಕೆಲವು ರಾತ್ರಿ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತದೆ, ಯಾವುದೋ ದೇಶದ ಯಾರೊಂದಿಗೋ ಆಡುತ್ತಿರುತ್ತಾನೆ. ಒಂದು ಆಟಕ್ಕೆ ಆಹ್ವಾನ ಕಳಿಸಿದ್ದೇನೆ. ಅವನಿನ್ನೂ ಒಪ್ಪಿಲ್ಲ.